'ಪ್ಲೀಸ್ ಅಡ್ಜಸ್ಟ್' ಅಂದ್ರೆ ಲಂಡನ್‌ನವರಿಗೆ ಯಾಕೆ ಅರ್ಥ ಆಗಲ್ಲ?

ಪ್ರಶ್ನೆ: ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಪ್ರೈವೇಟ್ ಬಸ್ಸು. ಮೂವರ ಸೀಟಿಗೆ ನಾಲ್ಕನೆಯವರು ಬಂದು 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ' ಅಂತಾರೆ, ಸರೀತೀವಿ. ಮೊನ್ನೆ ಮೀಟಿಂಗ್ ತಡ ಆಯ್ತು ಅಂತ ಲಂಡನ್‌ನವರಿಗೆ 'ಪ್ಲೀಸ್ ಅಡ್ಜಸ್ಟ್' ಅಂದೆ. 'ಅಡ್ಜಸ್ಟ್ ವಾಟ್?' ಅಂದ್ರು. ತಪ್ಪೆಲ್ಲಿ?

ಉತ್ತರ 1: ಅಲ್ಲಿ ಸಾಮಾನ್ಯವಾಗಿ ಕರ್ಮಪದ ಬೇಕು: ಕನ್ನಡಿ, ಬೆಲ್ಟು, ವಾಲ್ಯೂಮು. ಹೊಂದಿಕೊಳ್ಳೋದಾದ್ರೆ 'ಅಡ್ಜಸ್ಟ್ ಟು ದ ಹೀಟ್'. ಸೀಟು ಕೇಳೋಕೆ 'ಕುಡ್ ಯು ಮೂವ್ ಓವರ್?', ತಡಕ್ಕೆ 'ಬೇರ್ ವಿತ್ ಮಿ'.

ಉತ್ತರ 2: ನಮ್ಮದ್ರಲ್ಲಿ ಕರ್ಮ ಇಲ್ಲ, ದಾಕ್ಷಿಣ್ಯ ಇದೆ! ಬೆಣ್ಣೆದೋಸೆ ಹೋಟ್ಲಲ್ಲಿ ಚಿಲ್ಲರೆ ಇಲ್ದಿದ್ರೂ ಅದೇ, ಮದುವೆಮನೇಲಿ ಹಾಸಿಗೆ ಸಾಲದಿದ್ರೂ ಅದೇ. ನಮ್ಮಜ್ಜಿಗೆ ಬರೋ ಇಂಗ್ಲಿಷ್ ಕ್ರಿಯಾಪದ ಅದೊಂದೇ, ಅದೂ 'ಅಜ್ಜೆಸ್ಟು'.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಇವತ್ತು ಭರಮಸಾಗರದಲ್ಲಿ ಒಬ್ರು ಕೋಳಿಬುಟ್ಟಿ ಸಮೇತ ಬಂದು 'ಅಡ್ಜಸ್ಟ್' ಅಂದ್ರು. 'ವಾಟ್?' ಅನ್ನೋ ಧೈರ್ಯ ಬರಲಿಲ್ಲ.