ಬೌಲಿಂಗ್ ಮೆಷಿನ್‌ನ ಎರಡನೇ ಚಕ್ರ ಹಾಕಿದ ಕೂಡಲೇ ಇನ್ವರ್ಟರ್ ಓವರ್‌ಲೋಡ್ ಆಗುತ್ತಿದೆ

ಪ್ರಶ್ನೆ:
ನೆಟ್ಸ್ ಹತ್ತಿರ ಕರೆಂಟ್ ಇಲ್ಲ. ಮೆಷಿನ್‌ಗೆ ಎರಡು ಚಕ್ರ, ಒಂದೊಂದಕ್ಕೆ ಅರ್ಧ ಎಚ್‌ಪಿ ಮೋಟರ್, 230 ವೋಲ್ಟ್. ಇನ್ವರ್ಟರ್ 900 ವಿಎ (ಕೊಡಬಲ್ಲ ಶಕ್ತಿಯ ಅಳತೆ), ಸ್ಕ್ವೇರ್ ವೇವ್ (ಚೌಕಾಕಾರದ ಅಲೆಯ ಕರೆಂಟ್ ಕೊಡುವಂಥದ್ದು). ಬ್ಯಾಟರಿ 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬ್ಯುಲರ್. ನಡುವೆ 2 ಮೀಟರ್ ದೂರಕ್ಕೆ 6 ಚದರ ಮಿ.ಮೀ. ವೈರ್. ಒಂದು ಚಕ್ರ ಗುಂಯ್ ಎನ್ನುತ್ತಾ ತಿರುಗುತ್ತದೆ, ಎರಡನೆಯದು ಹಾಕಿದರೆ ಕೆಂಪು ದೀಪ. ಮನೆಯ ಸಾಕೆಟ್‌ನಲ್ಲಿ ಎರಡೂ ಚೆನ್ನಾಗಿ ಓಡುತ್ತವೆ. ಇನ್ನೂ ದೊಡ್ಡ ಬ್ಯಾಟರಿ ತರಬೇಕೆ?

ಉತ್ತರ:
ಬ್ಯಾಟರಿಗೆ ದುಡ್ಡು ಹಾಕಬೇಡಿ. ಎರಡು ಮೋಟರ್ ಸೇರಿ 746 ವ್ಯಾಟ್, ಅದೂ ಶಾಫ್ಟ್‌ನಲ್ಲಿ ಸಿಗುವ ಶಕ್ತಿ. ಒಳಗೆ ಎಳೆಯುವುದು ಇನ್ನೂ ಹೆಚ್ಚು. ನಿಂತ ಚಕ್ರ ಹೊರಡುವಾಗಲಂತೂ ಓಡುವಾಗಿನ ಹಲವು ಪಟ್ಟು ಕರೆಂಟ್ ಬೇಕು, ಅಷ್ಟನ್ನು ಈ ಇನ್ವರ್ಟರ್ ಕೊಡಲಾರದು. ಎರಡೂ ಸ್ಪೀಡ್ ನಾಬ್ ಸೊನ್ನೆಗೆ ತಂದು ಸ್ವಿಚ್ ಹಾಕಿ. ಮೊದಲ ಚಕ್ರವನ್ನು ನಿಧಾನವಾಗಿ ಏರಿಸಿ, ಅದರ ವೇಗ ಸ್ಥಿರವಾದ ಮೇಲೆ ಎರಡನೆಯದನ್ನು ಏರಿಸಿ.

ಇನ್ನೊಂದು ಉತ್ತರ:
ವೈರ್ ಕೂಡ ತೀರಾ ಸಣ್ಣದು. 900 ವ್ಯಾಟ್ ಹೊರಬರಬೇಕಾದರೆ, ಇನ್ವರ್ಟರ್‌ನೊಳಗಿನ ನಷ್ಟವೂ ಸೇರಿ 12 ವೋಲ್ಟ್ ಕಡೆ ಸುಮಾರು 88 ಆಂಪಿಯರ್ ಹರಿಯಬೇಕು. ಹೋಗಿಬರುವ 4 ಮೀಟರ್‌ನಲ್ಲಿ 6 ಚದರದ ತಾಮ್ರ 1 ವೋಲ್ಟ್ ನುಂಗುತ್ತದೆ, 25 ಚದರದ್ದು ಕಾಲು ವೋಲ್ಟ್ ಮಾತ್ರ. ಚಕ್ರ ಏರಿಸುವಾಗ ಬ್ಯಾಟರಿ ತುದಿಯಲ್ಲೂ ಇನ್ವರ್ಟರ್ ತುದಿಯಲ್ಲೂ ಮೀಟರ್ ಹಿಡಿದು ನೋಡಿ.

ಪ್ರಶ್ನೆ ಕೇಳಿದವರು:
ಬ್ಯಾಟರಿಯಲ್ಲಿ 11.7, ಇನ್ವರ್ಟರ್‌ನಲ್ಲಿ 10.2.

ಉತ್ತರ:
ಒಂದೂವರೆ ವೋಲ್ಟ್ ಹೋಗಿದೆ. 100 ಆಂಪಿಯರ್ ಹಿಡಿದರೂ ವೈರ್ ಲೆಕ್ಕ 1.15 ದಾಟುವುದಿಲ್ಲ, ಉಳಿದದ್ದು ಲಗ್‌ನಲ್ಲಿ (ವೈರ್ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆ) ಹೋಗುತ್ತಿದೆ. ಕಿಲುಬು ಉಜ್ಜಿ ತೆಗೆದು, 25 ಚದರದ ವೈರ್‌ಗೆ ಹೊಸ ಲಗ್ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ), ಬೋಲ್ಟ್ ಬಿಗಿ ಮಾಡಿ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 125 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದೆ ಶಾರ್ಟ್ ಆದರೆ ವೈರ್‌ಗೇ ಬೆಂಕಿ ಹತ್ತುತ್ತದೆ.

ಪ್ರಶ್ನೆ ಕೇಳಿದವರು:
25 ಚದರದ ವೈರ್, ಹೊಸ ಲಗ್, ಫ್ಯೂಸ್ ಹಾಕಿದೆ. ಒಂದಾದ ಮೇಲೊಂದು ಏರಿಸಿದರೆ ಎರಡೂ ಓಡುತ್ತವೆ. ಗುಂಯ್ ಸದ್ದು ಹೋಗಿಲ್ಲ, ಒಂದು ಚಕ್ರದ ವೇಗ ಆಗಾಗ ಇಳಿಯುತ್ತದೆ. ಬ್ಯಾಟರಿ ಗಾಡಿಯಿಂದ ಪಿಚ್‌ಗೆ 40 ಮೀಟರ್ ಇದೆ. ಎಷ್ಟು ಹೊತ್ತು ಓಡಿಸಬಹುದು?

ಉತ್ತರ:
ಸದ್ದು ಸ್ಕ್ವೇರ್ ವೇವ್‌ನದು. ಇಂಥ ಮೆಷಿನ್‌ಗಳ ಸ್ಪೀಡ್ ಕಂಟ್ರೋಲರ್ ಸಾಮಾನ್ಯವಾಗಿ ಅಲೆಯನ್ನು ನಡುವೆ ಕತ್ತರಿಸಿ ವೇಗ ಹೊಂದಿಸುತ್ತದೆ; ಅದಕ್ಕೆ ಸರಿಯಾದ ಸೈನ್ ಅಲೆಯೇ (ಮನೆಯ ಕರೆಂಟ್‌ನಂಥ ನಯವಾದ ಅಲೆ) ಬೇಕು. ಒಂದು ಚಕ್ರದ ವೇಗ ಇಳಿದರೆ ಚೆಂಡಿನ ಲೈನ್, ಲೆಂಗ್ತ್ ಎರಡೂ ಕೆಡುತ್ತವೆ, ಬ್ಯಾಟ್ಸ್‌ಮನ್‌ಗೆ ಅಪಾಯ. ಇದು ಸರಿಹೋಗುವ ತನಕ ಲೆದರ್ ಬಾಲ್ ಹಾಕಲೇಬೇಡಿ.

1500 ವಿಎ ಅಥವಾ ಮೇಲಿನ ಪ್ಯೂರ್ ಸೈನ್ ವೇವ್ ತನ್ನಿ. ಕೊಳ್ಳುವ ಮುಂಚೆ ಕೇಳಿ, ಆ ಅಳತೆಯವು ಹೆಚ್ಚಾಗಿ 24 ವೋಲ್ಟ್‌ನವು, ಎರಡು ಬ್ಯಾಟರಿ ಸೀರೀಸ್‌ನಲ್ಲಿ ಬೇಕು.

ಇನ್ವರ್ಟರ್ ಬ್ಯಾಟರಿ ಪಕ್ಕದಲ್ಲೇ ಇರಲಿ. 40 ಮೀಟರ್ ಎಳೆಯುವುದಿದ್ದರೆ 230 ವೋಲ್ಟ್ ಕಡೆ ಎಳೆಯಿರಿ: 2.5 ಚದರದ ಮೂರು ಕೋರ್ ಕೇಬಲ್‌ನಲ್ಲಿ 4 ಆಂಪಿಯರ್‌ಗೆ ಎರಡು ವೋಲ್ಟ್ ಚಿಲ್ಲರೆ ಇಳಿಯುತ್ತದೆ, ಅಷ್ಟೆ. ಪಿಚ್‌ಗೆ ನೀರು ಬಿಟ್ಟ ದಿನ ಜಾಯಿಂಟ್ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಇನ್ವರ್ಟರ್ ಕಂಪನಿ ಹೇಳದ ಹೊರತು ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಬೇಡಿ, ಕೆಲವು ಇನ್ವರ್ಟರ್ ಅದರಿಂದಲೇ ಸುಡುತ್ತವೆ.

ಸರಾಸರಿ 350 ವ್ಯಾಟ್ ಎಳೆದರೆ ಈಗಿನ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 34 ಆಂಪಿಯರ್. ಬ್ಯಾಟರಿ ಅರ್ಧ ಖಾಲಿಯಾದಾಗ ನಿಲ್ಲಿಸಿದರೆ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ. ಅದೇ ರಾತ್ರಿ 15 ಆಂಪಿಯರ್‌ನಲ್ಲಿ, ಗಾಳಿಯಾಡುವ ಕಡೆ ಚಾರ್ಜ್‌ಗೆ ಹಾಕಿ. ಸಾಗಿಸುವಾಗ ಬ್ಯಾಟರಿ ನೆಟ್ಟಗೇ ಇರಲಿ, ಓರೆಯಾದರೆ ಆಸಿಡ್ ಚೆಲ್ಲುತ್ತದೆ.