ನೂಂಗಾರ್ ಮಾದರಿಯ ಕುಟುಂಬ ಬೆಂಬಲ: ಸಿದ್ದಿ ವಾಡೆಗಳಲ್ಲಿ ಎಲ್ಲಿಂದ ಶುರು ಮಾಡಬೇಕು?

ಗುಳ್ಳಾಪುರ:
ಪಶ್ಚಿಮ ಆಸ್ಟ್ರೇಲಿಯಾದ ನೂಂಗಾರ್ ಎಂಬ ಆದಿವಾಸಿ ಜನ ತಮ್ಮ ಮಕ್ಕಳ ಮತ್ತು ಕುಟುಂಬಗಳ ಸೇವೆಯನ್ನು ತಮ್ಮದೇ ಸಂಸ್ಥೆಗಳ ಮೂಲಕ ನಡೆಸುತ್ತಾರೆ ಎಂದು ಓದಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ವಾಡೆಗಳಲ್ಲಿ (ಸಿದ್ದಿ ಬುಡಕಟ್ಟಿನವರ ಸಣ್ಣ ಕೇರಿಗಳಲ್ಲಿ) ಅಪ್ಪ ತೀರಿಕೊಂಡ ಮಕ್ಕಳು, ಹೆತ್ತವರು ದುಡಿಯಲು ಗೋವಾಕ್ಕೆ ಹೋದ ಮಕ್ಕಳು ಅಜ್ಜಿ, ಚಿಕ್ಕಮ್ಮನ ಹತ್ತಿರ ಬೆಳೆಯುತ್ತಾರೆ. ಹೊರಗಿನ ಸಂಸ್ಥೆಗಳು ಯೋಜನೆ ಮುಗಿದ ಕೂಡಲೇ ಗಂಟುಮೂಟೆ ಕಟ್ಟುತ್ತವೆ. ಈಗ ವಾಡೆಯವರೇ ಒಂದು ಸಂಘ ಮಾಡಿ ಸಣ್ಣದೊಂದು ಹಾಸ್ಟೆಲ್ ತೆರೆಯೋಣ ಎಂಬ ಮಾತು ನಡೆದಿದೆ. ನೂಂಗಾರರು ಹೇಗೆ ಮಾಡುತ್ತಾರೆ? ಅದರಲ್ಲಿ ಇಲ್ಲಿಗೆ ಹೊಂದುವುದು ಯಾವುದು? ತಿಳಿದವರು ವಿವರವಾಗಿ ಬರೆಯಿರಿ.

ಬೇಡ್ತಿ:
ಅಲ್ಲಿಯ ಹಿನ್ನೆಲೆ ಗೊತ್ತಿಲ್ಲದೆ ಆ ಮಾದರಿ ಅರ್ಥವಾಗುವುದಿಲ್ಲ. ಪರ್ತ್ ನಗರವೂ ಸೇರಿ ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆ ನೂಂಗಾರರ ನೆಲ. 1905ರ ಕಾಯ್ದೆ ಅಲ್ಲಿನ ಆದಿವಾಸಿ ಮಕ್ಕಳಿಗೆ ಹೆತ್ತವರ ಬದಲು ಸರ್ಕಾರದ ಮುಖ್ಯ ರಕ್ಷಣಾಧಿಕಾರಿಯನ್ನೇ ಪೋಷಕನನ್ನಾಗಿ ಮಾಡಿತು. ಆ ಬಲದ ಮೇಲೆ ಮಕ್ಕಳನ್ನು ತಾಯಂದಿರಿಂದ ಕಿತ್ತು ಕ್ಯಾರೊಲಪ್, ಮೂರ್ ರಿವರ್ ವಸಾಹತುಗಳಿಗೆ ಸಾಗಿಸಿದರು. 1997ರ ರಾಷ್ಟ್ರೀಯ ವಿಚಾರಣಾ ವರದಿಯಲ್ಲಿ ಇದೆಲ್ಲ ದಾಖಲಾಯಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೂ ಇವತ್ತಿಗೂ ಆ ರಾಜ್ಯದಲ್ಲಿ ಮನೆಯಿಂದ ಹೊರಗೆ ಸರ್ಕಾರಿ ಆರೈಕೆಯಲ್ಲಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆದಿವಾಸಿ ಮಕ್ಕಳೇ. ಮಕ್ಕಳ ರಕ್ಷಣಾ ಇಲಾಖೆಯವರು ಬಾಗಿಲಿಗೆ ಬಂದರೆ ಮಗುವನ್ನು ಒಯ್ಯಲು ಬಂದರು ಎಂದೇ ಜನ ಹೆದರುತ್ತಾರೆ. ಹಾಗಾಗಿ ಕಷ್ಟ ಇದ್ದರೂ ಬಾಯಿ ಬಿಡುವುದಿಲ್ಲ.

ಸಮುದಾಯದ ಸಂಸ್ಥೆಗಳು ಕೆಲಸ ಹಿಡಿದದ್ದು ಇಲ್ಲೇ. ಪರ್ತ್‌ನಲ್ಲಿ ವುಂಗನಿಂಗ್ ಎಂಬ ಆದಿವಾಸಿ ಸಂಸ್ಥೆ ಇತರ ಆದಿವಾಸಿ ಸಂಸ್ಥೆಗಳ ಜೊತೆಗೂಡಿ 'ವುಂಗನಿಂಗ್ ಮೂರ್ತ್' ಎಂಬ ಸೇವೆ ನಡೆಸುತ್ತದೆ. ಕಾರ್ಯಕರ್ತರು ಮನೆಗೇ ಹೋಗುತ್ತಾರೆ: ಮಗು ಮನೆ ಬಿಡದಂತೆ ನೋಡಿಕೊಳ್ಳುವುದು, ಬಿಟ್ಟ ಮಗುವನ್ನು ಮರಳಿ ಮನೆ ಸೇರಿಸುವುದು ಅವರ ಕೆಲಸ. ಯೋರ್ಗನಾಪ್ ಎಂಬ ಇನ್ನೊಂದು ಸಂಸ್ಥೆ, ಹೊರಗೆ ಇಡಲೇಬೇಕಾದ ಮಕ್ಕಳಿಗೆ ಆರೈಕೆಯ ಮನೆಗಳನ್ನು ನೋಡಿಕೊಳ್ಳುತ್ತದೆ. ಆ ರಾಜ್ಯದ 2004ರ ಮಕ್ಕಳ ಕಾಯ್ದೆಯಲ್ಲೇ ಸರದಿ ಬರೆದಿದೆ: ಮೊದಲು ಬಂಧುಗಳು, ಆಮೇಲೆ ಮಗುವಿನ ಸಮುದಾಯದವರು, ಆಮೇಲೆ ಬೇರೆ ಆದಿವಾಸಿ ಮನೆ. ಇವು ಯಾವುವೂ ಸಿಗದಿದ್ದರೆ ಮಾತ್ರ ಇತರರು.

ನನ್ನ ಪ್ರಕಾರ ನೀವು ತರಬೇಕಾದದ್ದು ಅವರ ಕುಟುಂಬ ಸಭೆಯ ಪದ್ಧತಿ. ಸಭೆ ಕರೆಯುವವರು ಇಲಾಖೆಯವರಲ್ಲ, ಸಮುದಾಯದವರು. ಯಾರು ಯಾರು ಬಂಧುಗಳು ಎಂದು ಹೇಳುವುದು ಮನೆಯವರು. ಅಧಿಕಾರಿ ತನಗಿರುವ ಆತಂಕ ಹೇಳಿ ಎದ್ದು ಹೊರಗೆ ಹೋಗಬೇಕು. ಮಗು ಯಾರ ಹತ್ತಿರ ಮಲಗುತ್ತದೆ, ಶಾಲೆಗೆ ಯಾರು ಬಿಡುತ್ತಾರೆ, ಅಜ್ಜಿಗೆ ಹುಷಾರಿಲ್ಲದಾಗ ಯಾರು ಎಂಬುದನ್ನು ಬಂಧುಗಳು ತಾವೇ ಕೂತು ತೀರ್ಮಾನಿಸುತ್ತಾರೆ. ಅಧಿಕಾರಿ ಒಳಗೇ ಕೂತರೆ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಾರೆ, ಮರುದಿನ ಏನೂ ಆಗಿರುವುದಿಲ್ಲ.

ಕಾಳಿ ದಂಡೆ:
ಗುಳ್ಳಾಪುರದವರೇ, ಹಾಸ್ಟೆಲ್ ವಿಚಾರ ದಯವಿಟ್ಟು ಕೈಬಿಡಿ. ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಮನೆಯೇ ಆಗಲಿ, 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೋಂದಣಿ ಆಗಿರಲೇಬೇಕು. ಇಲ್ಲದಿದ್ದರೆ 42ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾಗಿ, ಅಜ್ಜಿ ಇರುವ ಮಗುವಿಗೆ ಹಾಸ್ಟೆಲ್ ಯಾಕೆ? ಅಜ್ಜಿಯ ಕೈಗೆ ದುಡ್ಡು ಬರುವ ದಾರಿ ಇದೆ.

ಮಿಷನ್ ವಾತ್ಸಲ್ಯ ಎಂಬ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯ ಅಥವಾ ಗಂಡ ಬಿಟ್ಟವಳ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು, ಹೆತ್ತವರು ಗಂಭೀರ ಕಾಯಿಲೆಯಲ್ಲಿರುವ ಮಕ್ಕಳು ಇದಕ್ಕೆ ಅರ್ಹರು. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ದಾಟಬಾರದು. ಅರ್ಜಿ ಹೋಗುವುದು ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಅರ್ಜಿ ನಿಲ್ಲುವುದು ಹೆಚ್ಚಾಗಿ ಕಾಗದದಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ಮೊದಲು ಈ ಮೂರನ್ನು ಒಂದೇ ಮಾಡಿಸಿ, ಆಮೇಲೆ ಬ್ಯಾಂಕ್ ಖಾತೆ ತೆರೆಸಿ. ಇನ್ನೊಂದು ದೊಡ್ಡ ತೊಡಕು ಅಪ್ಪನ ಮರಣ ಪ್ರಮಾಣಪತ್ರ. ಸಾವು ಮನೆಯಲ್ಲೇ ಆಗಿದ್ದರೆ ಎಷ್ಟೋ ಕಡೆ ನೋಂದಣಿಯೇ ಆಗಿರುವುದಿಲ್ಲ. 21 ದಿನದೊಳಗೆ ಬರೆಸಿದರೆ ಸಲೀಸು. ಒಂದು ವರ್ಷ ದಾಟಿದರೆ ಉಪವಿಭಾಗಾಧಿಕಾರಿಯ ಆದೇಶ ಬೇಕು, ಯಲ್ಲಾಪುರದವರಿಗೆ ಅದು ಶಿರಸಿ. ಒಬ್ಬೊಬ್ಬರೇ ಅಲೆಯುವ ಬದಲು ನಾಲ್ಕೈದು ಮನೆಯ ಕಡತ ಸೇರಿಸಿಕೊಂಡು ಒಬ್ಬರು ಹೋಗಲಿ.

ಮಂಜೂರಾದ ಮೇಲೂ ಎಚ್ಚರ ಬೇಕು. ಮಗು 30 ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದರೆ ಹಣ ನಿಲ್ಲಬಹುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಇದೇ ಆಗುವುದು: ದೊಡ್ಡವರು ಕೆಲಸಕ್ಕೆ ಹೋದಾಗ ತಂಗಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಸಂಘ ಆ ದಿನಗಳಿಗೆ ವಾಡೆಯಲ್ಲೇ ಒಬ್ಬ ಹಿರಿಯಳಿಗೆ ಕೂಲಿ ಕೊಟ್ಟು ಚಿಕ್ಕವರನ್ನು ಕೂರಿಸಿಕೊಳ್ಳಲು ಹೇಳಿದರೆ ಅಕ್ಕನ ಹಾಜರಿಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಗುಳ್ಳಾಪುರ:
ತುಂಬಾ ಉಪಕಾರವಾಯಿತು. ಹಾಸ್ಟೆಲ್ ಬಿಟ್ಟೆವು. ಸಂಘ ನೋಂದಣಿ ಮಾಡಿದರೆ ಹಿಡಿತ ನಮ್ಮವರ ಕೈಯಲ್ಲೇ ಉಳಿಯುವುದಕ್ಕೆ ಏನು ಮಾಡಬೇಕು? ಮನೆಗಳಿಗೆ ಯಾರು ಹೋಗಬೇಕು?

ಅಘನಾಶಿನಿ:
ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ಕನಿಷ್ಠ ಏಳು ಜನ ಸಾಕು. ಏಳು ಸಹಿಗಿಂತ ಬೈಲಾ, ಅಂದರೆ ಸಂಘದ ನಿಯಮಾವಳಿ, ಮುಖ್ಯ. ಆಸ್ಟ್ರೇಲಿಯಾದ ಆದಿವಾಸಿ ಸಂಸ್ಥೆಗಳಿಗೆ ಪ್ರತ್ಯೇಕ ಕಾಯ್ದೆಯೇ ಇದೆ, ಅದರಡಿ ನಿರ್ದೇಶಕರಲ್ಲಿ ಬಹುಮತ ಆದಿವಾಸಿಗಳದ್ದೇ ಇರಬೇಕು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ, ಬೈಲಾದಲ್ಲೇ ಬರೆಯಬೇಕು: ಕಾರ್ಯಕಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಸಿದ್ದಿಗಳು, ಅದರಲ್ಲಿ ಅರ್ಧ ಹೆಂಗಸರು, ಚೆಕ್ಕಿಗೆ ಸಹಿ ಹಾಕುವ ಇಬ್ಬರೂ ಸಿದ್ದಿಗಳು. ಇದನ್ನು ಬರೆಯದೆ ಬಿಟ್ಟರೆ ಲೆಕ್ಕಪತ್ರ ಬರೆಯಲು ಬಂದ ಹೊರಗಿನವರೇ ಕ್ರಮೇಣ ಯಜಮಾನರಾಗುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಮೂವರೂ ಸಮಿತಿಯಲ್ಲಿರಲಿ. ಹಳಿಯಾಳ ಕಡೆಯ ಕೆಲಸಕ್ಕೆ ಅದು ಬೇಕೇ ಬೇಕು.

ಮನೆಗೆ ಹೋಗುವವರು ಇಬ್ಬಿಬ್ಬರಿರಲಿ: ಒಬ್ಬ ಹಿರಿಯ ಹೆಂಗಸು, ಓದುಬರಹ ಬಲ್ಲ ಒಬ್ಬ ಯುವತಿ. ಮಾತು ಸಿದ್ದಿಗಳ ಕೊಂಕಣಿಯಲ್ಲೇ ಆಗಲಿ, ಬರೆಯುವುದು ಕನ್ನಡದಲ್ಲಿ. ಒಂದು ಜೋಡಿಗೆ ಆರು ಮನೆಗಿಂತ ಹೆಚ್ಚು ಕೊಡಬೇಡಿ, ಮತ್ತು ಸಂಬಳ ಕೊಡಿ. ಪುಕ್ಕಟೆ ಸೇವೆ ಮಳೆಗಾಲದಲ್ಲಿ ಗದ್ದೆ ಕೆಲಸ ಶುರುವಾದ ಕೂಡಲೇ ನಿಲ್ಲುತ್ತದೆ. ಹೋದ ಮನೆಯಲ್ಲಿ ಮೊದಲು ಕೇಳಬೇಕಾದದ್ದು "ನಿಮಗೆ ಈಗ ಏನು ತುರ್ತು?" ಎಂದು. ಬರುವ ಉತ್ತರ ಹೆಚ್ಚಾಗಿ ಅಕ್ಕಿ, ಔಷಧಿ, ಸೋರುವ ಮಾಡು. ಅದಕ್ಕೊಂದು ದಾರಿ ಮಾಡಿಕೊಟ್ಟ ಮೇಲೆ ಕುಡಿತದ ಮಾತು, ಹೊಡೆತದ ಮಾತು ತಾನಾಗಿ ಬರುತ್ತದೆ. ಮನೆಯ ವಿವರ ಬರೆದ ಪುಸ್ತಕ ಬೀಗದೊಳಗಿರಲಿ, ಸಭೆಯಲ್ಲಿ ಹೆಸರು ಹಿಡಿದು ಓದಬೇಡಿ.

ಒಂದು ವಿಷಯದಲ್ಲಿ ಮಾತ್ರ ವಾಡೆಯ ತೀರ್ಮಾನಕ್ಕೆ ಜಾಗವಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. ಊರ ಹಿರಿಯರು ರಾಜಿ ಮಾಡಿಸುತ್ತೇವೆ ಎಂದರೂ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಗುವಿನ ಜೊತೆ ಅದಕ್ಕೆ ಗುರುತಿರುವ ಹೆಂಗಸೊಬ್ಬಳು ಠಾಣೆಯಿಂದ ಆಸ್ಪತ್ರೆಯವರೆಗೂ ಇರಲಿ. ಆ ಹೆಂಗಸು ಯಾರು ಎಂಬುದನ್ನು ಪ್ರತಿ ವಾಡೆಯಲ್ಲೂ ಮೊದಲೇ ಗೊತ್ತುಮಾಡಿ, ಅವಳ ಬಸ್ಸಿನ ದುಡ್ಡು ಸಂಘದ ಪೆಟ್ಟಿಗೆಯಲ್ಲಿ ಬೇರೆಯಾಗಿ ಎತ್ತಿಡಿ.