ಸಹಾಯ ಬೇಕು: ಕಿವಿ ಚುಚ್ಚಿಸಿ 5 ತಿಂಗಳಾಯಿತು, ಇನ್ನೂ ಗುಣ ಆಗಿಲ್ಲ

ಕಿವಿಯ ಮೇಲಿನ ಗಟ್ಟಿ ಭಾಗಕ್ಕೆ ಉಡುಪಿಯಲ್ಲಿ ಚುಚ್ಚಿಸಿದ್ದೆ. ಕೆಳಗಿನ ಮೆತ್ತಗಿನ ಹಾಲೆಗೆ ಚುಚ್ಚಿಸಿದಾಗ ಎರಡೇ ತಿಂಗಳಲ್ಲಿ ಒಣಗಿತ್ತು. ಈ ಗಟ್ಟಿ ಭಾಗದಲ್ಲಿ ರಕ್ತ ಓಡಾಟ ಕಡಿಮೆ, 6ರಿಂದ 12 ತಿಂಗಳು ಬೇಕು ಅಂತ ಗೊತ್ತು. ಆದರೆ ತೂತಿನ ಹಿಂಬದಿಯಲ್ಲಿ ಮೆಣಸಿನ ಕಾಳಿನಷ್ಟು ಕೆಂಪು ಗುಳ್ಳೆ ಎದ್ದಿದೆ. ಬೆಳಿಗ್ಗೆ ಓಲೆಯ ತಿರುಪಿನ ಸುತ್ತ ಹಳದಿ ನೀರು ಒಣಗಿ ಅಂಟಿಕೊಂಡಿರುತ್ತದೆ. ಕೀವಿಲ್ಲ, ಜ್ವರವಿಲ್ಲ.

ಅಮ್ಮ ಹೇಳಿದಂತೆ ಅರಿಶಿನ, ತೆಂಗಿನೆಣ್ಣೆ ಹಚ್ಚಿದೆ, ಉರಿ ಜಾಸ್ತಿಯೇ ಆಯಿತು. ಈಗ ದಿನಕ್ಕೆ ಎರಡು ಸಲ ಸಲೈನ್ (ಉಪ್ಪುನೀರು) ಹಚ್ಚುವುದು ಮಾತ್ರ. ಆ ಮಗ್ಗುಲಿಗೆ ಮಲಗುವುದಿಲ್ಲ. ಆದರೆ ಮಣಿಪಾಲಕ್ಕೆ ಸ್ಕೂಟರಲ್ಲೇ ಹೋಗಬೇಕು, ಹೆಲ್ಮೆಟ್ ತಾಗುತ್ತದೆ. ಈ ಸೆಕೆಗೆ ಬೆವರು ಬೇರೆ.

ಚುಚ್ಚಿದವರು ಓಲೆ ತೆಗೀಬೇಡಿ ಅಂತಾರೆ, ಅಕ್ಕ ಈಗಲೇ ತೆಗಿ ಅಂತಾಳೆ. ತೆಗೆದರೆ ತೂತು ಮುಚ್ಚಿ ಒಳಗೇ ಕೀವು ಕಟ್ಟಬಹುದು ಅಂತ ಹೆದರಿಕೆ. ಇಂಥ ಗುಳ್ಳೆ ಬಂದವರು ಓಲೆ ಇಟ್ಟುಕೊಂಡೇ ವಾಸಿ ಮಾಡಿಕೊಂಡಿರಾ, ತೆಗೆದಿರಾ? ತೋರಿಸುವುದಾದರೆ ಚರ್ಮದ ಡಾಕ್ಟರಿಗಾ, ಕಿವಿ ಡಾಕ್ಟರಿಗಾ?